ಉಡಚವ್ವನ ಅಳತೆ

ಬಿಜಾಪುರದ ಕಡೆ ದ್ರಾಕ್ಷಿ ಬೆಳೆಗಾರರ ತರಬೇತಿ ಮುಗಿಸಿ ಮೇಡ್ಲೇರಿಗೆ ಬಂದ ಹಾಲೇಶಪ್ಪ ಕಾಲು ತೊಳೆದವನೇ ನೀರು ಕೇಳಲಿಲ್ಲ, ಚಹಾ ಕೇಳಲಿಲ್ಲ. ಅಕ್ಕಿ ಡಬ್ಬಿಯೊಳಗಿನ ಪಾವು ಕೇಳಿದ.

"ಪಾವ್ ಯಾಕ?" ಎಂದಳು ಹೆಂಡತಿ ಉಡಚವ್ವ. ಮದುವೆಯಾದಾಗಿನಿಂದ ಗಂಡ ಅಡಿಗೆಮನೆಯ ಸಾಮಾನು ಕೈಯಲ್ಲಿ ಹಿಡಿದದ್ದನ್ನು ಆಕೆ ಕಂಡಿರಲಿಲ್ಲ.

"ಎಣ್ಣಿ ಹೊಡಿಯೋ ಪಂಪ್ ಅಳೀಬೇಕು."

"ಪಂಪ್ ಅಳ್ಯಾಕ ಮೊಳಾ ಹಾಕ್ತಾರ. ಪಾವ್ ಹಿಡದಿದ್ದು ನಾ ಎಲ್ಲೂ ಕಂಡಿಲ್ಲ."

"ಉದ್ದ ಅಲ್ಲ. ಅದು ಎಷ್ಟ್ ಉಗಳತೈತಿ ಅನ್ನೋದನ್ನ ಅಳೀಬೇಕು."

"ಉಗಳೋದನ್ನ ಅಳೀಬೇಕಂದ್ರ ಕಟ್ಟಿ ಮ್ಯಾಲ ಕುಂತು ಎಲಿಅಡಿಕಿ ಹಾಕೋ ನಿಮ್ಮ ದೋಸ್ತರನ್ನ ಅಳೀರಿ. ಉಣ್ಣೋ ಅಕ್ಕಿ ಪಾವಿಗೆ ಆ ವಿಷ ಮುಟ್ಟಸಾಕ ಕೊಡಂಗಿಲ್ಲ."

ಕೊನೆಗೆ ಸೊಸೆ ಅರುಣಾ ಒಲೆ ಮುಂದಿನಿಂದ ಎದ್ದು, ಹಾಲಿನವನು ಬಿಟ್ಟುಹೋಗಿದ್ದ ಲೀಟರಿನ ಮಾಪು ಹುಡುಕಿ ಕೊಟ್ಟಳು. ಹಾಲೇಶಪ್ಪ ಬೆನ್ನಿಗೆ ಪಂಪು ಏರಿಸಿ, ಬರೀ ನೀರು ತುಂಬಿ, ಗೋಡೆಯಿಂದ ಕೊಟ್ಟಿಗೆಯವರೆಗೆ ಮದುಮಗನಂತೆ ಒಂದೇ ಸಮ ಹೆಜ್ಜೆ ಹಾಕಿದ. ಹಿಂದೆ ಅರುಣಾ ಗಡಿಯಾರ ಹಿಡಿದು ನಡೆದಳು. ಆಮೇಲೆ ಅಷ್ಟೇ ಹೊತ್ತು ನಳಿಗೆಯ ಬಾಯಿಗೆ ಮಾಪು ಹಿಡಿದು ನೀರು ಅಳೆದರು. ಅವತ್ತು ಊರಲ್ಲಿ ಮಳೆಯಾದದ್ದು ಅವರ ಅಂಗಳದಲ್ಲಿ ಮಾತ್ರ. ಪಕ್ಕದ ಮನೆಯ ಹೊಳಿಯವ್ವ ಒಣಹಾಕಿದ್ದ ಸಂಡಿಗೆ ಎತ್ತಿಕೊಂಡು ಒಳಗೋಡಿದಳು. ತುಂಗಭದ್ರೆಯ ಆಚೆ ದಂಡೆಯ ಮಂದಿ ಕೊಡೆ ಬಿಚ್ಚಿದರೆಂದು ಹೇಳುವವರೂ ಇದ್ದಾರೆ.

ಇಷ್ಟೆಲ್ಲ ಯಾಕೆಂದರೆ, ಸುತ್ತಲೂ ಭತ್ತ ಕಬ್ಬು ಬೆಳೆಯುವ ಸೀಮೆಯಲ್ಲಿ ದ್ರಾಕ್ಷಿ ಹಚ್ಚಿದವನು ಹಾಲೇಶಪ್ಪನೊಬ್ಬನೇ. ಬಳ್ಳಿ ಸವರಿದ ಮೇಲೆ ಎಲ್ಲ ಕಣ್ಣುಗಳೂ ಒಮ್ಮೆಗೇ ಚಿಗುರಲೆಂದು ಒಂದು ಔಷಧ ಹೊಡೆಯುತ್ತಾರೆ. ರೈತರ ಬಾಯಲ್ಲಿ ಹೊಡೆಯುವುದೆಲ್ಲ ಎಣ್ಣಿಯೇ ಆದ್ದರಿಂದ ಆ ಮನೆಯಲ್ಲಿ ಅದಕ್ಕೆ ಕಣ್ಣೆಣ್ಣಿ ಎಂದು ಹೆಸರು. ಹೋದ ವರ್ಷ ಅದನ್ನು ಹೊಡೆದವನು ಮಗ ದುರ್ಗೇಶ, ಅಂದರೆ ಅರುಣಾಳ ಗಂಡ. ಬೆಳಿಗ್ಗೆ ಅವನ ನಡಿಗೆ ಹೆಣದ ಹಿಂದೆ ಹೋಗುವವರದು. ಸಾರಾಯಿ ಅಂಗಡಿಯ ಹೊತ್ತು ಹತ್ತಿರವಾದಂತೆಲ್ಲ ಅದು ಪೊಲೀಸರ ಮುಂದೆ ಓಡುವವರದಾಯಿತು. ಬೆಳಗಿನ ಸಾಲುಗಳು ಔಷಧ ಹೆಚ್ಚಾಗಿ ಸುಟ್ಟವು. ಸಂಜೆಯ ಸಾಲುಗಳು ಔಷಧ ಸಾಲದೆ ಬೋಳಾಗಿ ನಿಂತವು. ದ್ರಾಕ್ಷಿ ಪಡದ ಬದುವಿನಲ್ಲಿ ನಿಂತು ನೋಡಿದವರಿಗೆ ದುರ್ಗೇಶ ಎಷ್ಟು ಗಂಟೆಗೆ ಎಲ್ಲಿದ್ದ ಎಂಬುದು ಬಳ್ಳಿಯ ಮೇಲೆಯೇ ಕಾಣುತ್ತಿತ್ತು.

ಪಂಪು ಹೊತ್ತುಕೊಂಡು ಮಾವ ಸೊಸೆ ರಾಣೆಬೆನ್ನೂರಿಗೆ ಹೋದರು. ರಿಪೇರಿ ಅಂಗಡಿಯ ಅಲ್ಲಾಬಕ್ಷ ನಳಿಗೆಯ ಬಾಯಿಯ ನಾಜಲ್ ಬಿಚ್ಚಿ ಬಿಸಿಲಿಗೆ ಹಿಡಿದ.

"ಅಣ್ಣಾರ, ಇದು ನಾಜಲ್ಲೋ ಇಲಿ ಬಿಲಾನೋ?"

"ಕಸ ಸಿಕ್ಕಾಗೊಮ್ಮೆ ನನ್ನ ಮಗ ಹೇರ್‌ಪಿನ್ನಿಲೆ ಚುಚ್ಚ್ಯಾನ."

ಪಿನ್ನು ತನ್ನದೇ ಆದ್ದರಿಂದ ಅರುಣಾ ಬೇರೆ ಕಡೆ ನೋಡಿದಳು. ಅಲ್ಲಾಬಕ್ಷ ಹೊಸ ನಾಜಲ್ ಕೂಡಿಸಿ, ಕೈ ಒರೆಸಿಕೊಳ್ಳುತ್ತ ಹೇಳಿದ: "ಇನ್ನೊಂದು ಮಾತು. ಈ ಎಣ್ಣಿ ಹೊಡಿಯೋ ಮನಶಾ ಸಾರಾಯಿ ಮುಟ್ಟಬಾರದು. ಮೊದ್ಲೂ ಮುಟ್ಟಬಾರದು, ಹೊಡದ ಮ್ಯಾಲೂ ಒಂದಷ್ಟ್ ದಿನ ಮುಟ್ಟಬಾರದು. ಮ್ಯಾಲಿನ ಸೀಮ್ಯಾಗ ಒಬ್ಬಾಂವ ಮುಟ್ಟಿದ್ದ. ಮಾರಿ ಬ್ಯಾಡಗಿ ಮೆಣಸಿನಕಾಯಿ ಆತು. ಎದಿ ಬಡಕೊಳ್ಳೋದು ಮಗ್ಗಲ ಮನಿಗೆ ಕೇಳತಿತ್ತಂತ."

"ಮುಂದ?"

"ಮುಂದೇನ್ರಿ. ಆಮ್ಯಾಲ ಕೇಳಲಿಲ್ಲ."

ಅಂದಿನ ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ದುರ್ಗೇಶ ಅಪರೂಪಕ್ಕೆ ಹೊತ್ತಿಗೆ ಸರಿಯಾಗಿ ಕೂತಿದ್ದ. ಹಾಲೇಶಪ್ಪ ಆ ಕಥೆಯನ್ನು ಮಗನ ಮುಂದೆ ಬಿಚ್ಚಿದ. ಅಲ್ಲಾಬಕ್ಷನ ಕಥೆಯಲ್ಲಿ ಒಬ್ಬ ಸತ್ತಿದ್ದರೆ, ಇವನ ಕಥೆಯಲ್ಲಿ ಒಂದು ಓಣಿಯೇ ಹೋಗಿತ್ತು.

"ಹಂಗಾದ್ರ ನಾ ಈ ಸಲ ಪಂಪ್ ಹೊರಂಗಿಲ್ಲ," ಎಂದ ದುರ್ಗೇಶ.

"ಪಂಪ್ ಬಿಡ್ತಿ, ಸಾರಾಯಿ ಪಾಕೀಟ್ ಬಿಡಂಗಿಲ್ಲ?"

"ಪಂಪ್ ಭಾರ ಅಪ್ಪಾ. ಪಾಕೀಟ್ ಹಗರ."

"ನಗಬ್ಯಾಡ ಲೇ! ಹೆಂಡತಿ ಮುಂದ ಕುಂತಾಳ, ನಾಚಿಗಿ ಐತೇನು ನಿನಗ?"

"ಆಕೀಗೂ ನಗು ಬಂದೈತಿ, ನೋಡು."

ಅರುಣಾಳಿಗೆ ನಗು ಬಂದಿರಲಿಲ್ಲ. ಆಕೆ ಅತ್ತೆಯನ್ನು ನೋಡುತ್ತಿದ್ದಳು. ಉಡಚವ್ವ ಬಿಸಿ ರೊಟ್ಟಿ ಕೈಯಲ್ಲಿ ಹಿಡಿದು, ಬಡಿಸುವುದನ್ನು ಮರೆತು ನಿಂತಿದ್ದಳು.

"ಅಲ್ರೀ, ಸಾರಾಯಿ ಕುಡೀಲಿಲ್ಲಂದ್ರ?"

"ಕುಡೀಲಿಲ್ಲಂದ್ರ ಏನು?"

"ಕುಡೀಲಿಲ್ಲಂದ್ರ ಆ ಎಣ್ಣಿ ಮೈಯಾಗ ಹ್ವಾದ್ರೂ ಏನೂ ಆಗಂಗಿಲ್ಲೇನು?"

ಹಾಲೇಶಪ್ಪನಿಗೆ ಗೊತ್ತಿರಲಿಲ್ಲ. ತರಬೇತಿ ಮುಗಿಸಿ ಬಂದವನು ಗೊತ್ತಿಲ್ಲ ಎನ್ನುವುದು ಹೇಗೆ? "ಏನಾಕ್ಕೈತಿ? ನೀರ ಕುಡದಂಗ," ಎಂದುಬಿಟ್ಟ.

ಉಡಚವ್ವ ರೊಟ್ಟಿಯನ್ನು ಮಗನ ತಾಟಿಗೆ ಹಾಕಿ, ಅದರ ಮೇಲೆ ಬೆಣ್ಣೆ ಇಟ್ಟಳು.

ಮಗನ ಕುಡಿತ ಬಿಡಿಸಲು ಆಕೆ ಮಾಡದ ಉಪಾಯವಿರಲಿಲ್ಲ. ಮೈಲಾರಕ್ಕೆ ಕರೆದೊಯ್ದು ಆಣೆ ಮಾಡಿಸಿದ್ದಳು. ಅವನು ಗುಡಿಯ ಮುಂದೆ ಆಣೆ ಮಾಡಿ, ಗುಡಿಯ ಹಿಂದೆ ಕುಡಿದಿದ್ದ. ತಾಯತ ಕಟ್ಟಿಸಿದ್ದಳು. ಅದು ಪಾಕೀಟಿನ ಮೂಲೆ ಹರಿಯಲು ಅನುಕೂಲವಾಗಿತ್ತು.

ಕಣ್ಣೆಣ್ಣಿಯನ್ನು ಈ ಸಲ ಹಾಲೇಶಪ್ಪನೇ ಹೊಡೆದ. ಮುಖಕ್ಕೆ ಬಟ್ಟೆ, ಕೈಗೆ ರಬ್ಬರಿನ ಗವಸು, ಬಾಯಲ್ಲಿ ಏನೋ ಗುನುಗು. ಆ ಗುನುಗಿನ ತಾಳಕ್ಕೆ ಹೆಜ್ಜೆ. ಬೆಳಿಗ್ಗೆಯೂ ಅದೇ ಹೆಜ್ಜೆ, ಸಂಜೆಯೂ ಅದೇ ಹೆಜ್ಜೆ. ಒಂದು ಪಂಪು ಔಷಧ ಎಷ್ಟು ಬಳ್ಳಿಗೆ ಎಂದು ನೀರಿನಲ್ಲಿ ಲೆಕ್ಕ ಹಾಕಿದ್ದರೋ ಅಷ್ಟೇ ಬಳ್ಳಿಗೆ ಮುಗಿಯಿತು. ಸಾಲಿನ ಕೊನೆಯಲ್ಲಿ ನಾಜಲ್ ಒಮ್ಮೆ ಕೆಮ್ಮಿ ನಿಂತಾಗ ಮಾವ ಸೊಸೆಯ ಕಡೆ ತಿರುಗಿ, "ನೋಡಿದಿ, ಅರುಣವ್ವಾ?" ಎಂದು, ಗಂಡು ಮೊಮ್ಮಗ ಹುಟ್ಟಿದವನಂತೆ ನಕ್ಕ. ಕ್ಯಾನಿನಲ್ಲಿ ಕಾಲು ಭಾಗ ಉಳಿಯಿತು. ಹಾಲೇಶಪ್ಪ ಅದರ ಮಟ್ಟಕ್ಕೆ ಇದ್ದಿಲಿನಿಂದ ಗೆರೆ ಎಳೆದು, ಕೊಟ್ಟಿಗೆಯ ಮಾಡದಲ್ಲಿ ಇಟ್ಟ. ಕುಪ್ಪೇಲೂರಿನ ಬೀಗ ಸಿದ್ದಲಿಂಗಪ್ಪ ಈ ಅಳತೆಯ ಸುದ್ದಿ ಕೇಳಿ ನಕ್ಕಿದ್ದ. ಅವನಿಗೆ ತೋರಿಸುವುದಿತ್ತು.

ಅವತ್ತಿನಿಂದ ಮಗನಿಗೆ ಬಡಿಸುವ ಕೆಲಸ ಉಡಚವ್ವ ತಾನೇ ತೆಗೆದುಕೊಂಡಳು.

"ನೀ ಪಡದಾಗ ದಣದಿರತಿ. ನನ್ನ ಮಗಗ ನಾ ನೀಡ್ತೇನಿ," ಎಂದಳು ಸೊಸೆಗೆ. ಅರುಣಾ ಬೇಡ ಎನ್ನಲಿಲ್ಲ. ದಣಿದದ್ದು ಖರೆಯೇ ಆಗಿತ್ತು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ದೀಪ ಹಚ್ಚುವ ಹೊತ್ತಿಗೆ ದುರ್ಗೇಶ ಬಾಗಿಲಲ್ಲಿ ಬಂದು ಗೋಡೆ ಹಿಡಿದು ನಿಂತ. ಮುಖ, ಕುತ್ತಿಗೆ, ಕಿವಿ ಎಲ್ಲ ಕೆಂಪು. ಎದೆ ಉಬ್ಬಿ ಇಳಿಯುತ್ತಿತ್ತು. ಅಂಗಳದಲ್ಲಿ ಕೂತು ಕಾರಿದ.

"ಒಂದ ಪಾಕೀಟು... ಯವ್ವಾ, ಒಂದ ಕುಡದೇನಿ. ಜೀವಾ ಹೋಗಾಕತ್ತೈತಿ."

"ದೇವ್ರು ಕಣ್ಣ ತಗದಾನ," ಎಂದಳು ಉಡಚವ್ವ. ಅವನ ತಲೆ ಹಿಡಿದುಕೊಂಡಿದ್ದಳು. ದನಿಯಲ್ಲಿ ಗಾಬರಿ ಇರಲಿಲ್ಲ. "ಆಣಿ ಮುರದಿದ್ದಿ. ಮೈಲಾರಪ್ಪ ಬಿಡ್ತಾನೇನು?"

ದುರ್ಗೇಶ ಎರಡು ದಿನ ಸುಮ್ಮನಿದ್ದ. ಮೂರನೆಯ ದಿನ ದೇವರನ್ನು ಪರೀಕ್ಷೆ ಮಾಡಿದ. ದೇವರು ಪಾಸಾದ. ಅವನನ್ನು ಗೆಳೆಯರು ಹೊತ್ತು ತಂದರು.

ಆಮೇಲೆ ಆ ಮನೆಯಲ್ಲಿ ಹಿಂದೆಂದೂ ಇಲ್ಲದ ಸಂಜೆಗಳು ಬಂದವು. ದುರ್ಗೇಶ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಒಂದು ದಿನ ರಾಣೆಬೆನ್ನೂರಿನಿಂದ ಅರುಣಾಳಿಗೆ ಒಂದು ಮೊಳ ಮಲ್ಲಿಗೆ ತಂದ. ಪಡದಲ್ಲಿ ಎಲ್ಲ ಸಾಲುಗಳೂ ಒಂದೇ ಸಮ ಚಿಗುರಿ ನಿಂತವು. ಅರುಣಾ ಮಲ್ಲಿಗೆ ಮುಡಿದು ಸಾಲಿನ ನಡುವೆ ನಡೆಯುವಾಗ, ಇಷ್ಟು ಚೆನ್ನಾಗಿರುವುದು ಇವರ ಮನೆಯದಲ್ಲವೇನೋ ಎಂದು ಅಳುಕಿದಳು. ಯಾಕೆಂದರೆ ಗಂಡ ಕುಡಿಯದೆಯೂ ಸೊರಗುತ್ತಿದ್ದ. ಕೈ ನಡುಗುತ್ತಿತ್ತು. ಅರ್ಧ ರೊಟ್ಟಿಗೆ ಸಾಕೆನ್ನುತ್ತಿದ್ದ.

"ಉಣ್ಣಪ್ಪಾ, ಪೂರಾ ಉಣ್ಣು," ಎಂದು ಉಡಚವ್ವ ಮುಂದೆ ಕೂತು, ತಾಟು ಖಾಲಿಯಾಗುವವರೆಗೆ ಏಳುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಸಿದ್ದಲಿಂಗಪ್ಪ ಬಂದ. ಚಿಗುರು ನೋಡಿ, ನಗುವುದನ್ನು ಬಿಟ್ಟು, "ಉಳದ ಔಷಧ ನನಗ ಕೊಡ್ರಿ, ನಾನೂ ಹತ್ತ್ ಬಳ್ಳಿ ಹಚ್ತೇನಿ, ಮುಂದಿನ ಸಲಕ್ಕ ಆಕ್ಕೈತಿ," ಎಂದ. ಹಾಲೇಶಪ್ಪ ಮದುವೆ ಮೆರವಣಿಗೆಯ ಹಾಗೆ ಕ್ಯಾನನ್ನು ಹೊರಗೆ ತಂದ. ಔಷಧ ಇದ್ದಿಲಿನ ಗೆರೆಯಿಂದ ಬಹಳ ಕೆಳಗಿತ್ತು.

"ಆರೇತೇನೋ," ಎಂದ ಸಿದ್ದಲಿಂಗಪ್ಪ.

"ಮುಚ್ಚಳ ಬಿಗಿ ಐತಿ. ಹೆಂಗ ಆರತೈತಿ?" ಹಾಲೇಶಪ್ಪನ ಮುಖ ಕಪ್ಪಿಟ್ಟಿತು. ಬೀಗ ಹೋಗುವವರೆಗೆ ತಡೆದಿದ್ದು, ಆಮೇಲೆ ಮಗನನ್ನು ಕರೆದ.

"ಮಾರೀದಿ?"

"ಏನ ಮಾರೇನಿ?"

"ಕಣ್ಣೆಣ್ಣಿ. ಪಾಕೀಟಿಗೆ ಮಾರೀದಿ!"

"ಪಾಕೀಟ ಮುಟ್ಟಿದ್ರ ಸಾಯಾಕತ್ತೇನಿ, ಪಾಕೀಟಿಗೆ ಮಾರ್ತೇನೇನು? ನಿನ್ನ ಪಂಪ ಹೆಚ್ಚಿಗಿ ಉಗಳಿರಬೇಕು."

"ನನ್ನ ಪಂಪಿಗೆ ಬೈಬ್ಯಾಡ ಲೇ! ನನ್ನ ಅಳತಿ ತಪ್ಪಂಗಿಲ್ಲ!"

"ಹೌದಪ್ಪಾ, ನಿನ್ನ ಅಳತಿ ತಪ್ಪಂಗಿಲ್ಲ, ನಿನ್ನ ಮಗಾ ತಪ್ತಾನ. ಹುಟ್ಟಿದಾಗಿಂದ ಇದ ಆತು!" ದುರ್ಗೇಶ ಎದ್ದು ಹೊರಟ. "ನಾಳಿ ಕಾಸೀಮಸಾಬನ ಟೆಂಪೋದಾಗ ಬ್ಯಾಡಗಿಗೆ ಹೊಂಟೇನಿ. ಮೆಣಸಿನಕಾಯಿ ಚೀಲಾ ಹೊತ್ತರ ಮನಿಶಾನಂಗ ಮಾತಾಡಸ್ತಾರ."

ಉಡಚವ್ವ ಈ ಜಗಳದ ಉದ್ದಕ್ಕೂ ಹುಣಸೆಹಣ್ಣು ಬಿಡಿಸುತ್ತಿದ್ದಳು. ಯಾರ ಪರವೂ ಮಾತಾಡಲಿಲ್ಲ. ಮಗನಿಗೆ ಬೈದರೆ ಮೈಮೇಲೆ ಬರುವ ಹೆಂಗಸು ಆಕೆ.

ಮರುದಿನ ದುರ್ಗೇಶ ನಸುಕಿನಲ್ಲೇ ಒಂದು ರೊಟ್ಟಿ ತಿಂದು, ತಾಯಿ ಕಟ್ಟಿದ ಬುತ್ತಿ ಹಿಡಿದು ಟೆಂಪೋ ಹತ್ತಿದ. ಅರುಣಾ ಹಿತ್ತಲಿಗೆ ಬಂದಾಗ ಅತ್ತೆ ಕಲ್ಲಿನ ಮೇಲೆ ಕೂತು ಒಂದು ತಾಟು ತೊಳೆಯುತ್ತಿದ್ದಳು. ಬೂದಿ ಹಚ್ಚಿ, ತಿಕ್ಕಿ, ನೀರು ಹಾಕಿ, ಮತ್ತೆ ಬೂದಿ ಹಚ್ಚಿದಳು.

ಅರುಣಾ ಈ ಮನೆಗೆ ಕಾಲಿಟ್ಟಂದಿನಿಂದ ಉಡಚವ್ವ ಒಂದು ಲೋಟ ತೊಳೆದವಳಲ್ಲ. ಸೊಸೆ ಬಂದ ಮೇಲೆ ಮುಸುರೆ ಮುಟ್ಟಬಾರದೆಂಬುದು ಆಕೆಯ ಹೆಮ್ಮೆ. ಈಗ ನೆನೆದರೆ, ಎಷ್ಟೋ ದಿನದಿಂದ ಮುಸುರೆಯಲ್ಲಿ ಗಂಡನ ತಾಟು ಇರುತ್ತಲೇ ಇರಲಿಲ್ಲ.

"ಅತ್ತಿ, ಅದು ಅವ್ರ ತಾಟಲ್ಲೇನು?"

"ಹ್ಞೂಂ."

"ನೀವ್ಯಾಕ ತೊಳ್ಯಾಕತ್ತೀರಿ?"

"ನನ್ನ ಮಗನ ತಾಟು, ನಾ ತೊಳೀತೇನಿ."

"ಕ್ಯಾನಿನಾಗಿಂದು ನೀವು ತಗೊಂಡೀರಿ?"

ಉಡಚವ್ವ ತಾಟನ್ನು ಕವುಚಿಟ್ಟು, ಕೈ ಒರೆಸಿಕೊಂಡಳು. ಸಿಕ್ಕಿಬಿದ್ದವರ ಮುಖ ಆಕೆಯದಾಗಿರಲಿಲ್ಲ.

"ಪಲ್ಯದಾಗ ಒಂದೀಟು. ದಿನಾ ಅಲ್ಲ, ದಿನಾ ಬಿಟ್ಟು ದಿನಾ. ನಿಮ್ಮ ಮಾವ ಬಳ್ಳಿ ಅಳದ್ರು. ನಾ ಹೆತ್ತಾಕಿ, ನನ್ನ ಮಗಗ ಎಷ್ಟ ಹಿಡೀತೈತಿ ಅಂತ ನನಗ ಗೊತ್ತಿಲ್ಲೇನು?"

"ಯವ್ವಾ ಶಿವನ..."

"ಮಲ್ಲಿಗಿ ಮುಡಕೊಂಡಾಗ ಚಲೋ ಇತ್ತಲ್ಲ?"

ಉಡಚವ್ವ ದನಿ ತಗ್ಗಿಸಿದಳು. "ಇವತ್ತ ಬುತ್ತಿಯಾಗ ಸ್ವಲ್ಪ ಹೆಚ್ಚ ಹಾಕೇನಿ. ಬ್ಯಾಡಗಿ ಮಂದಿ ಕುಡಸ್ತಾರ. ಇದೊಂದ ಸಲ ಜಾಡಿಸಿದ್ರ ಜನ್ಮಕ್ಕ ಬಿಡ್ತಾನ."

ಕೊಟ್ಟಿಗೆಯಲ್ಲಿದ್ದ ಹಾಲೇಶಪ್ಪ ಸೊಸೆಯ ಕೂಗಿಗೆ ಓಡಿಬಂದ. ಕೇಳಿದ. ಹೆಂಡತಿಯ ಮೇಲೆ ಕೈ ಎತ್ತಿದವನು ಹಾಗೆಯೇ ಕೈ ಇಳಿಸಿದ. "ನೀರ ಕುಡದಂಗ ಅಂತ ನೀವ ಅಂದಿದ್ರಿ," ಎಂದಿದ್ದಳು ಉಡಚವ್ವ. "ಇಲ್ಲೇ ಕುಂದ್ರು. ಏನೂ ಮುಟ್ಟಬ್ಯಾಡ," ಎಂದಷ್ಟೇ ಹೇಳಿ ಚಪ್ಪಲಿ ಹುಡುಕಿದ.

ಕಾಸೀಮಸಾಬನ ಹತ್ತಿರ ಮೊಬೈಲ್ ಇತ್ತು. ಊರ ಬೂತಿನಿಂದ ಫೋನ್ ಮಾಡಿದರೆ ಎತ್ತಿದವಳು ಅವನ ಹೆಂಡತಿ ಮುಮ್ತಾಜಬಿ. "ಚಾರ್ಜಿಗೆ ಇಟ್ಟು ಹೋಗ್ಯಾರ್ರಿ. ಹಾದಿಯಾಗ ಬಿದ್ದಗಿದ್ದೀತಂತ ಒಯ್ಯಂಗಿಲ್ಲ ಅವ್ರು," ಎಂದಳು.

ಮಾವ ಸೊಸೆ ಹತ್ತಿದ ಬಸ್ಸು ರಾಣೆಬೆನ್ನೂರು ಮುಟ್ಟಿತು. ಬ್ಯಾಡಗಿಯ ಬಸ್ಸು ಹೊರಡಲು ಡ್ರೈವರ್ ಉಪ್ಪಿಟ್ಟು ತಿಂದು ಮುಗಿಸಬೇಕಿತ್ತು. ಅರುಣಾ ಹೋಟೆಲಿನ ಬಾಗಿಲಲ್ಲಿ ನಿಂತು ಅವನ ಒಂದೊಂದು ತುತ್ತನ್ನೂ ನೋಡಿದಳು.

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಎತ್ತ ನೋಡಿದರೂ ಮೆಣಸಿನಕಾಯಿ ಗುಡ್ಡ. ಅಲ್ಲಿ ಎಲ್ಲರ ಕಣ್ಣೂ ಕೆಂಪು, ಎಲ್ಲರ ಮೂಗಲ್ಲೂ ನೀರು, ಹಮಾಲರಿಂದ ಹಿಡಿದು ದಲಾಲರವರೆಗೆ ಎಲ್ಲರೂ ಕೆಮ್ಮುವವರೇ. ಅಲ್ಲಿಯ ಕಾಗೆಗಳು ಕೂಗುವುದನ್ನು ಬಿಟ್ಟು ಸೀನುವುದನ್ನು ಕಲಿತಿವೆ ಎನ್ನುತ್ತಾರೆ. ದುರ್ಗೇಶ ಚೀಲಕ್ಕೆ ಒರಗಿ ಕೂತಿದ್ದ. ಮುಖ ಕೆಂಪಗಿತ್ತು. ಪಕ್ಕದಲ್ಲಿದ್ದ ಕಾಸೀಮಸಾಬನ ಮುಖವೂ ಅಷ್ಟೇ ಕೆಂಪಗಿತ್ತು.

"ಬುತ್ತಿ ಉಂಡ್ರೇನು?" ಅರುಣಾ ಕೆಮ್ಮುತ್ತಲೇ ಕೇಳಿದಳು.

"ಉಂಡೆ. ಅಪ್ಪನ್ನ ಕರಕೊಂಡ್ ಬಂದೀದಿ, ಯಾರರ ಸತ್ತಾರೇನು?"

"ಕುಡದೀರಿ?"

"ಇಲ್ಲ."

ಮದುವೆಯಾದಾಗಿನಿಂದ ಆ ಪ್ರಶ್ನೆಗೆ ಅವನು ಬೇರೆ ಉತ್ತರ ಕೊಟ್ಟಿರಲಿಲ್ಲ. ಅರುಣಾ ಮುಂದೆ ಕುಕ್ಕರಿಸಿ, ಅವನ ಎರಡೂ ಮೊಣಕಾಲು ಹಿಡಿದಳು.

"ಬುತ್ತಿಯಾಗ ಕಣ್ಣೆಣ್ಣಿ ಇತ್ತು. ಇಷ್ಟ ದಿನಾನೂ ಊಟದಾಗ ಇತ್ತು. ದೇವ್ರಲ್ಲ ಅದು. ಖರೇ ಹೇಳ್ರಿ, ಕುಡದೀರೇನು?"

ಅವನು ಮೊದಲು ತಂದೆಯ ಮುಖ ನೋಡಿದ. ತಂದೆ ಮೆಣಸಿನಕಾಯಿ ಗುಡ್ಡ ನೋಡುತ್ತಿದ್ದ.

"ಯಾರ ಹಾಕಿದ್ರು?"

"ಬುತ್ತಿ ಯಾರ ಕಟ್ಟಿದ್ರು?"

ದುರ್ಗೇಶನ ಕೈ ಎದೆಗೆ ಹೋಯಿತು. "ಎರಡ ಪಾಕೀಟು," ಎಂದ. "ಈಗಷ್ಟ." ಆಮೇಲೆ ಚೀಲದ ಮೇಲಿನಿಂದ ಪಕ್ಕಕ್ಕೆ ಜಾರಿದ.

ಕಾಸೀಮಸಾಬ ಇಳಿಸದೆ ಉಳಿದ ಚೀಲಗಳ ಸಮೇತ ಟೆಂಪೋವನ್ನು ಹಾವೇರಿಯ ದೊಡ್ಡ ಆಸ್ಪತ್ರೆಗೆ ಓಡಿಸಿದ. ದಾರಿಯುದ್ದಕ್ಕೂ ಅರುಣಾ ಗಂಡನ ಎದೆಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಅದು ಒಮ್ಮೆ ಓಡುತ್ತಿತ್ತು, ಒಮ್ಮೆ ಎಲ್ಲೋ ಕೂತುಬಿಡುತ್ತಿತ್ತು. ಕೂತಾಗ ಆಕೆ ಅಂಗೈಯಿಂದ ತಟ್ಟುತ್ತಿದ್ದಳು.

ಹಾಲೇಶಪ್ಪ ಔಷಧದ ಹೆಸರನ್ನಷ್ಟೇ ಬರೆಸಿದ. ಎರಡು ದಿನ ಮಗನಿಗೆ ಎಚ್ಚರವಿರಲಿಲ್ಲ. ಕಣ್ಣು ಬಿಟ್ಟ ಮೇಲೆ ಡಾಕ್ಟರು ಬಂದು ಮಂಚದ ಬಳಿ ನಿಂತರು.

"ಈ ಔಷಧ ಹೊಟ್ಟೀಗೆ ಹೆಂಗ ಹೋತು? ಸಾರಾಯಿ ಇರಲಿ ಬಿಡಲಿ, ಇದು ಹೋದ್ರ ವಿಷಾನ. ಯಾರಾದ್ರೂ ಹಾಕಿದ್ರ ಹೇಳ್ರಿ, ಪೊಲೀಸ್ರಿಗೆ ತಿಳಸಬೇಕಾಕ್ಕೈತಿ."

ಅರುಣಾ ಬಾಯಿ ತೆರೆದಳು. ಅಷ್ಟರಲ್ಲಿ ದುರ್ಗೇಶ ಅಂದ: "ಪಡಕ್ಕ ನಾನ ಹೊಡೀತಿದ್ದೆ ಸರ. ಕೈ ತೊಳಿಲಾರದ ಉಂಡೇನಿ."

"ಇಷ್ಟು ಹೋಗೂದಿಲ್ರಿ ಅದರಿಂದ."

ಡಾಕ್ಟರು ಹಾಲೇಶಪ್ಪನ ಕಡೆ ತಿರುಗಿದರು. ಮುದುಕ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ.

"ಪಂಪಿಂದು ತಪ್ಪ್ರಿ. ಸೋರತಿತ್ತು. ಬೆನ್ನೆಲ್ಲಾ ತೋಯಿಸಿತ್ತು," ಎಂದ. ಆಮೇಲೆ, "ನನ್ನ ಅಳತಿ ತಪ್ಪೇತ್ರಿ," ಎಂದ.

ಡಾಕ್ಟರು ಮೂವರ ಮುಖವನ್ನೂ ನೋಡಿ, ಹೇಳಿದ್ದನ್ನು ಬರೆದುಕೊಂಡು ಹೋದರು.

ಮನೆಗೆ ಬಂದ ದಿನ ಉಡಚವ್ವ ಬಿಸಿ ಅನ್ನ, ಬೇಳೆ ಸಾರು ಮಾಡಿದ್ದಳು. ಮಗನ ಮುಖ ನೋಡಿ ಅತ್ತಳು. ಅದು ಸುಳ್ಳು ಅಳುವಲ್ಲ. ತಾಟು ಹಾಕಿದಳು. ಅರುಣಾ ಅನ್ನದ ಬೋಗುಣಿ ಕಸಿದುಕೊಳ್ಳಲು ಎದ್ದಳು. ದುರ್ಗೇಶ ಕೈಸನ್ನೆಯಲ್ಲಿ ಆಕೆಯನ್ನು ಕೂರಿಸಿದ.

"ಯವ್ವಾ, ನೀಡು."

ಉಡಚವ್ವ ನೀಡಿದಳು. ಅವನು ಸಾರು ಹಾಕಿ ಕಲೆಸಿದ. ನಿಧಾನವಾಗಿ, ನುಣ್ಣಗೆ, ಕೂಸಿಗೆ ಕಲೆಸುವಂತೆ ಕಲೆಸಿದ. ಮೊದಲ ತುತ್ತು ಎತ್ತಿ ತಾಯಿಯ ಬಾಯಿಯ ಮುಂದೆ ಹಿಡಿದ.

"ಬಾಯಿ ತಗಿ."

"ನಾ ಆಮ್ಯಾಲ ಉಣ್ತೇನಿ ತಮ್ಮಾ."

"ಬಾಯಿ ತಗಿ, ಯವ್ವಾ."

ಹಾಲೇಶಪ್ಪ ನೆಲ ನೋಡಿದ. ಉಡಚವ್ವ ಬಾಯಿ ತೆರೆದಳು, ಅಗಿದಳು, ನುಂಗಿದಳು. ದುರ್ಗೇಶ ಆಕೆಯ ಗಂಟಲನ್ನೇ ನೋಡುತ್ತಿದ್ದ. ಅದು ಕೆಳಗಿಳಿದ ಮೇಲೆ, ಸ್ವಲ್ಪ ಹೊತ್ತು ಕಾದು, ತಾನೊಂದು ತುತ್ತು ತಿಂದ.

"ಇನ್ಮ್ಯಾಲೆ ದಿನಾ ಹಿಂಗ," ಎಂದ.

ಅಂದಿನಿಂದ ಆ ಮನೆಯಲ್ಲಿ ಎರಡು ಹೊತ್ತೂ ಹಾಗೆಯೇ. ಒಂದೇ ತಾಟು, ಮೊದಲ ತುತ್ತು ತಾಯಿಗೆ. ಕಿಟಕಿಯಿಂದ ಕಂಡ ಹೊಳಿಯವ್ವ ಊರೆಲ್ಲ ಹೇಳಿದಳು. ಸಾವಿನ ಬಾಯಿಂದ ಬಂದ ಮಗ ಹೆತ್ತವಳಿಗೆ ತುತ್ತು ಕೊಡದೆ ಉಣ್ಣುವುದಿಲ್ಲವಂತೆ ಎಂಬ ಸುದ್ದಿ ಹಲಗೇರಿ ದಾಟಿ ಹೋಯಿತು. ಕುಪ್ಪೇಲೂರಿನಿಂದ ಜನ ತಮ್ಮ ಗಂಡುಮಕ್ಕಳನ್ನು ಕರೆದುಕೊಂಡು ಊಟದ ಹೊತ್ತಿಗೆ ನೋಡಲು ಬಂದರು. ಬಂದವರೆಲ್ಲ ಪಡಸಾಲೆಯಲ್ಲಿ ಸಾಲಾಗಿ ಕೂತು ಕಣ್ಣು ಒರೆಸಿಕೊಂಡರು. ಇಂಥ ಪ್ರೀತಿ ಎಲ್ಲೂ ಕಾಣೆವು ಎಂದರು. ಉಡಚವ್ವ ಅವರ ಮುಂದೆ ಬಾಯಿ ತೆರೆದಳು, ಮುಚ್ಚಿದಳು, ನುಂಗಿದಳು.

ಅರುಣಾ ಒಲೆಯ ಬಳಿ ರೊಟ್ಟಿ ಹಿಡಿದು ನಿಂತಿರುತ್ತಿದ್ದಳು. ಅತ್ತೆಯ ಗಂಟಲು ಇಳಿಯುವವರೆಗೆ ಬಡಿಸುತ್ತಿರಲಿಲ್ಲ.